ಗೊತ್ತಾದ ಮೇಲಿನ ಒಂದು ತಾಸು

ನಮ್ಮ ಭಾಷೆಯಲ್ಲಿ ದಾರಿ ತಪ್ಪಿದವನಿಗೆ ಸುಲಭದಲ್ಲಿ ಕ್ಷಮೆ ಇಲ್ಲ. ‘ಅವರ ಮಗ ದಾರಿ ತಪ್ಪಿದ್ದಾನೆ’ ಎಂದು ಯಾರಾದರೂ ಹೇಳಿದರೆ, ಆ ಹುಡುಗ ಯಾವುದೋ ಕಾಡಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ, ಹುಡುಕಿ ಕರೆತರೋಣ ಎಂದು ನಾವು ಎದ್ದು ನಿಲ್ಲುವುದಿಲ್ಲ. ಕುಡಿತವೋ ಜೂಜೋ ಇರಬೇಕೆಂದು ಊಹಿಸಿ ದನಿ ತಗ್ಗಿಸುತ್ತೇವೆ. ದಾರಿ ಕಾಣದೆ ಕಳೆದುಹೋದವನಿಗೂ, ದಾರಿ ಗೊತ್ತಿದ್ದೂ ಬಿಟ್ಟುಹೋದವನಿಗೂ ಒಂದೇ ಮಾತು. ಒಬ್ಬನದು ಅಸಹಾಯಕತೆ, ಇನ್ನೊಬ್ಬನದು ತಪ್ಪು. ಇವೆರಡರ ನಡುವಿನ ಗೆರೆ ಎಲ್ಲಿದೆ? ಈ ಪ್ರಶ್ನೆ ನಮಗೆ ಪುಸ್ತಕದಿಂದ ಬಂದದ್ದಲ್ಲ. 2014ರ ದಸರಾ ರಜೆಯಲ್ಲಿ ಕುಮಾರ ಪರ್ವತದ ಕಾಡಿನಲ್ಲಿ ಕಳೆದ ಒಂದು ರಾತ್ರಿಯಿಂದ ಬಂದದ್ದು.

ನಾವು ಬಯಲಿನ ಜನ. ಯಾದಗಿರಿ, ಶಹಾಪುರ, ಸುರಪುರದ ಕಡೆ ಹುಟ್ಟಿ ಬೆಳೆದವರಿಗೆ ದಾರಿ ತಪ್ಪುವುದೆಂದರೆ ಏನೆಂದೇ ಗೊತ್ತಿರುವುದಿಲ್ಲ. ಶಹಾಪುರದ ಬೆಟ್ಟಸಾಲು ದೂರದಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುತ್ತದೆ. ಹೊಲದಲ್ಲಿ ನಿಂತವನು ತಲೆ ಎತ್ತಿದರೆ ಆ ಹಣೆ, ಮೂಗು, ಎದೆ ಎಲ್ಲ ಕಣ್ಣಿಗೆ ಬೀಳುತ್ತವೆ. ತಾನು ಊರಿನ ಯಾವ ಮಗ್ಗುಲಲ್ಲಿದ್ದೇನೆಂದು ತಿಳಿಯಲು ಮತ್ತೇನೂ ಬೇಡ. ಯಾದಗಿರಿಯಲ್ಲಿ ಕೋಟೆಯ ಗುಡ್ಡ ಅದೇ ಕೆಲಸ ಮಾಡುತ್ತದೆ. ಸುರಪುರವಂತೂ ಗುಡ್ಡಗಳ ಬೋಗುಣಿಯಲ್ಲಿ ಕುಳಿತ ಊರು. ಶಹಾಪುರದ ಪಕ್ಕದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಜನ ದೊಡ್ಡ ದೊಡ್ಡ ಗುಂಡುಗಳನ್ನು ಸಾಲುಸಾಲಾಗಿ ನಿಲ್ಲಿಸಿಟ್ಟು ಹೋಗಿದ್ದಾರೆ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದಲ್ಲೇ ಅವುಗಳ ಬಗ್ಗೆ ಬರೆದ. ಅವು ಯಾತಕ್ಕೆಂದು ವಿದ್ವಾಂಸರು ಏನೇ ಹೇಳಲಿ, ಈ ನೆಲದಲ್ಲಿ ಕಲ್ಲು ಕಂಡರೆ ಅದು ಗುರುತು; ಗುರುತು ಕಂಡರೆ ದಾರಿ. ಇಂಥ ಊರಿನವರು ಪಶ್ಚಿಮ ಘಟ್ಟದ ಕಾಡಿಗೆ ಹೋದರೆ ಏನಾದೀತು? ಅಲ್ಲಿ ಹತ್ತು ಮಾರಿನಾಚೆ ಏನೂ ಕಾಣುವುದಿಲ್ಲ. ಕಂಡದ್ದೂ ಎಲ್ಲ ಒಂದೇ ಥರ ಕಾಣುತ್ತದೆ.

ಬಕ್ರೀದ್ ಮುಗಿಸಿ ಹೊರಟಿದ್ದೆವು. ಶಹಾಪುರದ ಇಬ್ಬರು ಮಾಸ್ತರರು, ಸುರಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಭಾಯಿ, ಯಾದಗಿರಿಯ ಬ್ಯಾಂಕಿನ ಗುಮಾಸ್ತರು, ಜೊತೆಗೆ ಬಾಡಿಗೆ ಕ್ರೂಸರ್ ಓಡಿಸಿಕೊಂಡು ಬಂದ ಡ್ರೈವರ್. ಕುರಿ ಕಾಯುವ ಮನೆತನದ ಹುಡುಗ ಆತ. ಗಾಡಿಯಲ್ಲಿ ಕುಂತು ಏನು ಮಾಡಲಿ ಎಂದು ನಮ್ಮ ಜೊತೆ ಹತ್ತಿದ. ಇಬ್ಬರು ಮಾಸ್ತರರಲ್ಲಿ ಹಿರಿಯರು ಹಿಂದೊಮ್ಮೆ ಆ ಬೆಟ್ಟ ಹತ್ತಿದ್ದವರು. ಆದ್ದರಿಂದ ಯಾರೂ ಹೇಳದೆಯೇ ಅವರು ಮುಂದೆ, ನಾವು ಹಿಂದೆ.

ಪುಷ್ಪಗಿರಿ ವನ್ಯಜೀವಿಧಾಮದೊಳಗಿನ ಕುಮಾರ ಪರ್ವತದ ಎತ್ತರ 1712 ಮೀಟರ್. ಸುಬ್ರಹ್ಮಣ್ಯದ ಕಡೆಯಿಂದ ಹತ್ತುವವರಿಗೆ ಮೊದಲು ದಟ್ಟ ಕಾಡು, ಆಮೇಲೆ ಬೋಳು ಹುಲ್ಲುಗಾವಲು, ಕಲ್ಲು ಮಂಟಪ, ಶೇಷ ಪರ್ವತ. ಅದರಾಚೆ ಮತ್ತೆ ಒಂದು ತುಂಡು ಶೋಲಾ ಕಾಡು ದಾಟಿದರೆ ತುದಿ. ನಡುದಾರಿಯಲ್ಲಿ ಊಟ ಕೊಡುವ ಮನೆಯೊಂದಿದೆ. ಭಾರವೇಕೆಂದು ಚೀಲಗಳನ್ನು ಅಲ್ಲೇ ಬಿಟ್ಟು ಹತ್ತಿದೆವು. ಭಾಯಿಯ ಶುಗರ್ ಮಾತ್ರೆಗಳು, ನಮ್ಮ ಬ್ಯಾಟರಿ, ಹೊದಿಕೆ, ಉಳಿದ ರೊಟ್ಟಿ ಎಲ್ಲವೂ ಆ ಚೀಲಗಳಲ್ಲಿದ್ದವು. ತುದಿ ಮುಟ್ಟಿ ಇಳಿಯುವಾಗ ಮೂರು ಗಂಟೆಯ ಸುಮಾರಿಗೆ ಮಂಜು ಬಂತು. ನಮ್ಮ ಕಡೆ ಚಳಿಗಾಲದ ಬೆಳಿಗ್ಗೆ ಬೀಳುವ ಮಂಜಲ್ಲ ಅದು. ಮುಂದೆ ನಡೆಯುವವನ ಬೆನ್ನು ಕಂಡರೆ ಪುಣ್ಯ ಎನ್ನುವಂಥ ಮಂಜು. ಶೋಲಾ ಕಾಡಿನೊಳಗೆ ಎಲ್ಲೋ ಒಂದು ಕವಲಿನಲ್ಲಿ ನಾವು ತಪ್ಪು ಜಾಡು ಹಿಡಿದೆವು.

ಅರ್ಧ ತಾಸು ನಡೆದಿರಬೇಕು. ಕೊನೆಯಲ್ಲಿ ಬರುತ್ತಿದ್ದ ಡ್ರೈವರ್ ಕೂಗಿ ಹೇಳಿದ: ‘ಸರ, ಇದು ಮನಷ್ಯಾರ ದಾರಿ ಅಲ್ರಿ. ಟೊಂಗಿ ಎದಿಗೆ ಬಡೀಲಿಕತ್ಯಾವ ನೋಡ್ರಿ.’

ಆತ ಹೇಳಿದ್ದರ ಅರ್ಥ ನಮಗೆ ಆಗ ಹೊಳೆಯಲಿಲ್ಲ. ಬಹಳ ದಿನಗಳ ಮೇಲೆ ಹೊಳೆಯಿತು. ಮನುಷ್ಯರು ನಡೆದೂ ನಡೆದೂ ಆದ ದಾರಿಯಲ್ಲಿ ತಲೆಯ ಎತ್ತರದವರೆಗೆ ಜಾಗ ಬಿಟ್ಟಿರುತ್ತದೆ. ಬಡಿಯುವ ಟೊಂಗೆಯನ್ನು ಯಾರಾದರೂ ಮುರಿದಿರುತ್ತಾರೆ. ಹಂದಿ, ಕಡವೆ ಓಡಾಡುವ ಜಾಡು ನೆಲದ ಮೇಲೆ ದಾರಿಯಂತೆಯೇ ಕಾಣುತ್ತದೆ, ಮೇಲೆ ಮಾತ್ರ ಮುಚ್ಚಿರುತ್ತದೆ. ಕುರಿಗಳ ಹಿಂದೆ ಬೆಳೆದವನು ಇದನ್ನು ಎದೆಯಿಂದಲೇ ಓದಿದ್ದ. ನಾವೇನು ಮಾಡಿದೆವು? ನಕ್ಕೆವು. ‘ನೀ ಸುಮ್ನ ಬಾರಪಾ, ಮಾಸ್ತರ್ ನೋಡ್ಯಾರ ಈ ದಾರಿ’ ಎಂದು ಯಾರೋ ಅಂದೆವು. ಯಾರೆಂದು ಈಗ ನೆನಪಿಲ್ಲ ಎಂದು ಎಲ್ಲರೂ ಹೇಳುತ್ತೇವೆ. ಆತ ಎರಡನೆಯ ಸಲ ಹೇಳಲಿಲ್ಲ.

ನಾಲ್ಕೂವರೆಯ ಸುಮಾರಿಗೆ ಪಾಚಿ ಹತ್ತಿದ ಒಂದು ದೊಡ್ಡ ಬಂಡೆ ಸಿಕ್ಕಿತು. ಅದರ ಬಗಲಲ್ಲಿ ಮರವೊಂದು ಬಾಗಿಕೊಂಡಿತ್ತು. ಅದನ್ನು ನಾವು ಮೊದಲೇ ಒಮ್ಮೆ ನೋಡಿದ್ದೆವು. ಮುಂದಿದ್ದವರು ಒಂದು ಗಳಿಗೆ ನಿಂತರು, ಆಮೇಲೆ ಮತ್ತೆ ನಡೆದರು. ನಾವೂ ನಡೆದೆವು. ಐದೂವರೆಗೆ ಭಾಯಿ ಕುಸಿದು ಕೂತರು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಬೆಳಿಗ್ಗೆ ಮಾತ್ರೆ ನುಂಗಿದ್ದರು. ಮಧ್ಯಾಹ್ನ ಎರಡು ಬಾಳೆಹಣ್ಣು ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಗುಮಾಸ್ತರ ಜೇಬಿನಲ್ಲಿ ಎರಡು ಶೇಂಗಾ ಚಿಕ್ಕಿ ಇರದಿದ್ದರೆ ಈ ಲೇಖನ ಬೇರೆ ರೀತಿಯದಾಗುತ್ತಿತ್ತು.

ಒಂದೇ ಬಂಡೆಗೆ ಎರಡು ಸಲ ಬಂದದ್ದು ನಮ್ಮ ದಡ್ಡತನವೊಂದೇ ಅಲ್ಲ ಎಂಬುದು ಆಮೇಲೆ ತಿಳಿಯಿತು. ಕಾಡಿನಲ್ಲಿ ಕಳೆದುಹೋದವರು ಸುತ್ತು ಹೊಡೆಯುತ್ತಾರೆಂಬ ಹಳೆಯ ಮಾತನ್ನು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಸಂಗಡಿಗರು ಪರೀಕ್ಷೆಗೆ ಹಚ್ಚಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಜರ್ಮನಿಯ ಒಂದು ಕಾಡಿನಲ್ಲೂ ಟ್ಯುನೀಷಿಯಾದ ಮರಳುಗಾಡಿನಲ್ಲೂ ಜನರಿಗೆ ನೆಟ್ಟಗೆ ನಡೆಯಿರಿ ಎಂದು ಹೇಳಿ, ಅವರ ಹೆಜ್ಜೆಜಾಡನ್ನು ಉಪಗ್ರಹದ ನೆರವಿನಿಂದ ದಾಖಲಿಸಿದರು. ಸೂರ್ಯ ಕಾಣುತ್ತಿದ್ದವರು ಹೆಚ್ಚುಕಡಿಮೆ ನೆಟ್ಟಗೇ ನಡೆದರು. ಮೋಡ ಕವಿದ ಕಾಡಿನಲ್ಲಿ ನಡೆದವರು ಸುತ್ತಿ ಸುತ್ತಿ ತಮ್ಮದೇ ಜಾಡನ್ನು ದಾಟಿದರು, ಅದೂ ಅರಿವಿಲ್ಲದೆ. ಕಣ್ಣಿಗೆ ಬಟ್ಟೆ ಕಟ್ಟಿದರೆ ಇಪ್ಪತ್ತು ಮೀಟರಿಗೂ ಕಿರಿದಾದ ಸುತ್ತು ಹೊಡೆದವರೂ ಇದ್ದರು. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡ ಇರುವುದರಿಂದ ಹೀಗಾಗುತ್ತದೆ ಎಂಬ ಊಹೆ ನಿಲ್ಲಲಿಲ್ಲ. ಒಬ್ಬನೇ ಮನುಷ್ಯ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತಿದ್ದ. ‘ನೆಟ್ಟಗೆ’ ಎಂದು ಒಳಗೆ ಇರುವ ಅನ್ನಿಸಿಕೆಯೇ ಹೆಜ್ಜೆಹೆಜ್ಜೆಗೂ ಚೂರುಚೂರು ವಾಲುತ್ತ ಹೋಗುತ್ತದೆ. ಹೊರಗಿನ ಗುರುತೊಂದು ಅದನ್ನು ಸರಿಪಡಿಸದಿದ್ದರೆ ನಾವು ದೃಢವಿಶ್ವಾಸದಿಂದಲೇ ಸುತ್ತುತ್ತಿರುತ್ತೇವೆ.

ಹಾಗಾದರೆ ದಾರಿ ತಪ್ಪುವುದರಲ್ಲಿ ತಪ್ಪಿಲ್ಲ. ಅದು ಶರೀರದ ಗುಣ. ಮಂಜು ಬೀಳುವುದೂ ನಮ್ಮ ಕೈಯಲ್ಲಿಲ್ಲ. ಆದರೆ ಆ ರಾತ್ರಿ, ಮರದ ಬೇರುಗಳ ನಡುವೆ ಒಬ್ಬರಿಗೊಬ್ಬರು ಆತುಕೊಂಡು ಕೂತು ಕಾಲಿಗೆ ಹತ್ತಿದ ಉಂಬಳಗಳನ್ನು ಕಿತ್ತುಕೊಳ್ಳುತ್ತಿದ್ದಾಗ, ಮುಂದೆ ನಡೆದಿದ್ದವರು ತಾವಾಗಿಯೇ ಒಂದು ಮಾತು ಹೇಳಿದರು. ಆ ಬಂಡೆ ಎರಡನೆಯ ಸಲ ಕಂಡಾಗಲೇ ದಾರಿ ತಪ್ಪಿದ್ದು ತಮಗೆ ಖಾತ್ರಿಯಾಗಿತ್ತು ಎಂದರು. ಹೇಳಿದರೆ ಎಲ್ಲರೂ ಗಾಬರಿಯಾಗುತ್ತಾರೆ, ಇನ್ನೊಂದು ಸ್ವಲ್ಪ ನಡೆದರೆ ದಾರಿ ಸಿಕ್ಕೀತು ಎಂದುಕೊಂಡರಂತೆ. ಭಾಯಿ ಕತ್ತಲಲ್ಲೇ ಕೇಳಿದರು: ‘ಅಂದ್ರ ಒಂದು ತಾಸು ನಮ್ಮನ್ನ ಸುಮ್ಮನ ನಡೆಸೀರಿ?’ ಯಾರೂ ಮಾತಾಡಲಿಲ್ಲ.

ಆ ಒಂದು ತಾಸಿನ ಬಗ್ಗೆ ನಾವು ಆಮೇಲೆ ವರ್ಷಗಟ್ಟಲೆ ಮಾತಾಡಿದ್ದೇವೆ. ನಮಗೆ ತೋರುವುದು ಇಷ್ಟು. ಅಸಹಾಯಕತೆ ಮತ್ತು ತಪ್ಪಿನ ನಡುವಿನ ಗೆರೆ ಕವಲುದಾರಿಯಲ್ಲಿ ಇರಲಿಲ್ಲ, ಆ ಬಂಡೆಯ ಬಳಿ ಇತ್ತು. ಬಂಡೆಯವರೆಗೆ ನಾವು ದಾರಿ ಕಳೆದುಕೊಂಡವರು. ಅಲ್ಲಿಂದಾಚೆ ಒಬ್ಬರಿಗೆ ಗೊತ್ತಿತ್ತು, ನಾಲ್ವರಿಗೆ ಗೊತ್ತಿರಲಿಲ್ಲ. ಅವರ ಹೆಜ್ಜೆಯನ್ನು ನಂಬಿ ನಾವು ಹೆಜ್ಜೆ ಇಡುತ್ತಿದ್ದೆವು. ಬೆನ್ನ ಹಿಂದೆ ಬರುವವರಿಗೆ ಮುಂದೆ ಹೋಗುವವನು ಕೊಡಬೇಕಾದದ್ದು ಸರಿಯಾದ ದಾರಿಯಲ್ಲ. ಅದನ್ನು ಕೊಡುವುದು ಯಾರ ಕೈಯಲ್ಲೂ ಇಲ್ಲ. ಕೊಡಬೇಕಾದದ್ದು ‘ನನಗೆ ಗೊತ್ತಾಗುತ್ತಿಲ್ಲ’ ಎಂಬ ಸುದ್ದಿ. ಆ ಸುದ್ದಿ ಬಂದಿದ್ದರೆ ಭಾಯಿ ನಾಲ್ಕೂವರೆಗೇ ಕೂರುತ್ತಿದ್ದರು, ಚಿಕ್ಕಿ ಆಗಲೇ ಹೊರಗೆ ಬರುತ್ತಿತ್ತು, ಬೆಳಕಿದ್ದಾಗಲೇ ಮೇಲೇರಿ ನೋಡಬಹುದಿತ್ತು.

ಆದರೆ ನಿಂತು ಯೋಚಿಸಿದರೆ ವಿಷಯ ಇಷ್ಟಕ್ಕೇ ಮುಗಿಯುವುದಿಲ್ಲ. ಬಂಡೆಯನ್ನು ನಾವೂ ನೋಡಿದ್ದೆವು. ಗುಮಾಸ್ತರಿಗೆ ಅನುಮಾನ ಬಂದಿತ್ತು, ಕಿರಿಯ ಮಾಸ್ತರರಿಗೆ ಬಂದಿತ್ತು, ಸ್ವತಃ ಭಾಯಿಗೂ ಬಂದಿತ್ತು. ಏಕೆ ಕೇಳಲಿಲ್ಲ? ಮುಲಾಜು. ಈ ಪದ ನಮ್ಮ ನಾಡಿನಲ್ಲಿ ಉರ್ದುವಿನಿಂದ ಬಂದು ಕನ್ನಡದಲ್ಲಿ ಎಷ್ಟು ಬೇರು ಬಿಟ್ಟಿದೆಯೆಂದರೆ, ಅದಿಲ್ಲದೆ ನಮ್ಮ ಸಮಾಜವನ್ನು ವಿವರಿಸುವುದೇ ಕಷ್ಟ. ಹಿರಿಯರು, ನಮ್ಮ ಮಕ್ಕಳಿಗೆ ಪಾಠ ಹೇಳಿದವರು. ಅವರನ್ನು ‘ನಿಮಗೆ ದಾರಿ ಗೊತ್ತಿದೆಯೆ’ ಎಂದು ಎಲ್ಲರೆದುರು ಕೇಳುವುದು ಹೇಗೆ? ಅವರ ನಾಚಿಕೆ ಅವರನ್ನು ಸುಮ್ಮನಿರಿಸಿತು, ನಮ್ಮ ಮುಲಾಜು ನಮ್ಮನ್ನು ಸುಮ್ಮನಿರಿಸಿತು. ಎರಡೂ ಸೇರಿ ಐದು ಜನರನ್ನು ಮಂಜಿನಲ್ಲಿ ನಡೆಸಿದವು. ಯಾವ ಮೌನ ದೊಡ್ಡದು ಎಂದು ನಿರ್ಧರಿಸಲು ನಮಗೆ ಈವರೆಗೆ ಆಗಿಲ್ಲ. ನಮ್ಮಲ್ಲಿ ಒಬ್ಬರು, ಮುಂದಿದ್ದವನಿಗೇ ಹೆಚ್ಚಿನ ಹೊಣೆ ಎನ್ನುತ್ತಾರೆ. ಇನ್ನೊಬ್ಬರು, ಮುಂದಿದ್ದವನಿಗೆ ತಪ್ಪೊಪ್ಪಿಕೊಳ್ಳುವ ಜಾಗವನ್ನೇ ನಾವು ಬಿಡಲಿಲ್ಲವಲ್ಲ, ‘ಮಾಸ್ತರ್ ನೋಡ್ಯಾರ’ ಎಂದು ಅವರನ್ನು ಗೋಡೆಗೆ ಒತ್ತಿದವರು ನಾವೇ ಅಲ್ಲವೆ ಎನ್ನುತ್ತಾರೆ.

ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ಇದರ ಚಿಕ್ಕ ರೂಪ ದಿನಾ ಕಾಣುತ್ತದೆ. ಹೊರಗಿನವರು ಯಾರಾದರೂ ದಾರಿ ಕೇಳಿದರೆ, ಗೊತ್ತಿಲ್ಲ ಎಂದು ಹೇಳುವುದನ್ನು ನಾವು ಅವಮಾನವೆಂದೇ ತಿಳಿಯುತ್ತೇವೆ. ಕೈ ಯಾವುದೋ ದಿಕ್ಕಿಗೆ ಏಳುತ್ತದೆ. ಉಪಕಾರ ಮಾಡುವ ಉತ್ಸಾಹದಲ್ಲಿ ಅಪಕಾರ. ದಾರಿ ತೋರಿಸುವುದು ದಾನಕ್ಕೆ ಸಮ ಎಂಬುದು ಪ್ರವಾದಿಯವರ ಬೋಧನೆ. ಗೊತ್ತಿಲ್ಲದ ದಾರಿಯನ್ನು ತೋರಿಸುವುದು ಯಾವುದಕ್ಕೆ ಸಮ? ಮದೀನಾದ ಇಮಾಮ್ ಮಾಲಿಕರ ಬಳಿಗೆ ದೂರದಿಂದ ಬಂದವನೊಬ್ಬ ನಲವತ್ತಕ್ಕೂ ಹೆಚ್ಚು ಪ್ರಶ್ನೆ ಕೇಳಿದನೆಂದೂ, ಅವುಗಳಲ್ಲಿ ಹೆಚ್ಚಿನವಕ್ಕೆ ಅವರು ತನಗೆ ಗೊತ್ತಿಲ್ಲವೆಂದೇ ಉತ್ತರಿಸಿದರೆಂದೂ ಹೇಳುವ ವೃತ್ತಾಂತ ಪ್ರಸಿದ್ಧ. ಆ ಮನುಷ್ಯ ಊರಿಗೆ ಮರಳಿ ಏನು ಹೇಳಲಿ ಎಂದು ಕಂಗಾಲಾದಾಗ, ಮಾಲಿಕನಿಗೆ ಗೊತ್ತಿಲ್ಲ ಎಂದು ಹೇಳು ಎಂದರಂತೆ. ಒಂದು ಪಂಥಕ್ಕೇ ಇಮಾಮರಾದವರಿಗೆ ಇಲ್ಲದ ಮುಲಾಜು ನಮಗೆ!

ಆ ರಾತ್ರಿ ಇನ್ನೊಂದು ಸಂಗತಿ ನಡೆಯಿತು. ಭಾಯಿ ಸ್ವಲ್ಪ ಚೇತರಿಸಿಕೊಂಡ ಮೇಲೆ ಅವರೂ ಕಿರಿಯ ಮಾಸ್ತರರೂ ನಮಾಝಿಗೆ ಎದ್ದರು. ಕಿಬ್ಲಾ ಯಾವ ಕಡೆ? ನಮ್ಮ ನಾಡಿನಿಂದ ಅದು ಪಶ್ಚಿಮಕ್ಕೆ. ಆದರೆ ಪಶ್ಚಿಮ ಯಾವುದು? ನಕ್ಷತ್ರವಿಲ್ಲ, ಮೊಬೈಲು ಸತ್ತಿದೆ. ಇಳಿಜಾರನ್ನು ನೋಡಿ, ಹತ್ತಿದ ಬದಿಯನ್ನು ನೆನೆದು, ಒಂದು ದಿಕ್ಕನ್ನು ಅಂದಾಜು ಮಾಡಿ ನಿಂತರು. ಬೆಳಿಗ್ಗೆ ಮಂಜು ಹರಿದು ಸೂರ್ಯ ಕಂಡಾಗ ಗೊತ್ತಾಯಿತು: ಇಬ್ಬರೂ ದಕ್ಷಿಣಕ್ಕೆ ಮುಖ ಮಾಡಿ ಪ್ರಾರ್ಥಿಸಿದ್ದರು. ಅಡ್ಡಿಯಿಲ್ಲ, ನಾವು ಯತ್ನ ಮಾಡಿದ್ದೆವಲ್ಲ ಎಂದರು ಕಿರಿಯ ಮಾಸ್ತರರು. ನಿಜವೇ. ದಿಕ್ಕು ತಿಳಿಯದವನು ಮನಃಪೂರ್ವಕ ಯೋಚಿಸಿ ಒಂದು ದಿಕ್ಕನ್ನು ಆರಿಸಿಕೊಂಡು ನಮಾಝ್ ಮಾಡಿದರೆ, ಆಮೇಲೆ ಅದು ತಪ್ಪೆಂದು ತಿಳಿದರೂ ನಮಾಝ್ ಆಯಿತು. ಧರ್ಮಶಾಸ್ತ್ರದಲ್ಲಿ ಈ ಯತ್ನಕ್ಕೆ ‘ತಹರ್ರೀ’ ಎನ್ನುತ್ತಾರೆ. ಮನುಷ್ಯ ತಪ್ಪಬಹುದೆಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿದ ನಿಯಮ ಅದು.

ಅಷ್ಟರಲ್ಲಿ ಡ್ರೈವರ್ ಅಂದ: ‘ನನ್ನ ಕೇಳಿದ್ರ ಹೇಳ್ತಿದ್ನೆಲ್ರಿ. ನಿನ್ನಿ ಸಂಜಿ ಬೆಳಕು ಕಡೀಗೆ ಆರಿದ್ದು ಆ ಮಗ್ಗಲಾಗ. ನಾ ನೋಡಿ ಇಟ್ಟಿದ್ದೆ.’

ಊರಿಗೆ ಬಂದ ಮೇಲೆ ಭಾಯಿ ಒಬ್ಬ ಆಲಿಮರನ್ನು ಕೇಳಿದರು. ನಮ್ಮ ಕಡೆಯ ಮುಸ್ಲಿಮರು ಹೆಚ್ಚಾಗಿ ಅನುಸರಿಸುವ ಹನಫೀ ಪಂಥದ ಪ್ರಕಾರ ಅಂದಾಜಿಗೆ ಒಂದು ಷರತ್ತಿದೆಯಂತೆ. ಕೇಳಲು ತಿಳಿದವನೊಬ್ಬ ಪಕ್ಕದಲ್ಲೇ ಇದ್ದು, ಅವನನ್ನು ಕೇಳದೆ ತಾನೇ ಅಂದಾಜು ಮಾಡಿ ತಪ್ಪಿದರೆ, ಆ ನಮಾಝನ್ನು ಮತ್ತೆ ಮಾಡಬೇಕು. ಪಕ್ಕದಲ್ಲಿದ್ದವನಿಗೆ ಗೊತ್ತಿತ್ತೆಂದು ನಿಮಗೆ ತಿಳಿದಿತ್ತೆ ಎಂದು ಆಲಿಮರು ಕೇಳಿದರು. ತಿಳಿದಿರಲಿಲ್ಲ, ತಿಳಿಯಲು ನೋಡಲೂ ಇಲ್ಲ ಎಂದರು ಭಾಯಿ. ಆ ಎರಡು ಹೊತ್ತಿನ ನಮಾಝನ್ನು ಮತ್ತೆ ಮಾಡಿದರು. ಶಾಸ್ತ್ರದ ಸೂಕ್ಷ್ಮ ನಮಗೆ ಪೂರ್ತಿ ತಿಳಿಯದು, ವಾದಿಸುವವರು ವಾದಿಸಲಿ. ಆದರೆ ಈ ಷರತ್ತು ನಮ್ಮ ಇಡೀ ದಿನವನ್ನು ಬಿಚ್ಚಿ ತೋರಿಸಿದಂತಾಯಿತು. ಅಜ್ಞಾನಕ್ಕೆ ಮಾಫಿ ಇದೆ. ಕೇಳಬಹುದಾದವನನ್ನು ಕೇಳದೆ ಉಳಿಸಿಕೊಂಡ ಅಜ್ಞಾನದ ಮಾತು ಬೇರೆ. ನಾವು ಆತನನ್ನು ಏಕೆ ಕೇಳಲಿಲ್ಲ? ಬಾಡಿಗೆ ಗಾಡಿಯವನು, ಏಳನೆಯ ಇಯತ್ತೆ ಮುಗಿಸದವನು. ಮಾಸ್ತರರ ಮೇಲೆ ನಮಗಿದ್ದದ್ದು ಮುಲಾಜು. ಆತನ ಮೇಲೆ ಇದ್ದದ್ದಕ್ಕೆ ಅಷ್ಟು ಸಭ್ಯವಾದ ಹೆಸರಿಲ್ಲ.

ಹೀಗೆಂದು ಆತನನ್ನು ಕಾಡಿನ ಜ್ಞಾನಿ ಮಾಡಿ ಕೂರಿಸುವುದೂ ಸುಳ್ಳೇ. ಬೆಳಿಗ್ಗೆ ಆತ ಹಠ ಹಿಡಿದದ್ದು ಕೆಳಗೆ ಹರಿಯುವ ಹಳ್ಳ ಹಿಡಿದು ಇಳಿಯೋಣ ಎಂದು. ನಮ್ಮ ಕಡೆ ಅದು ಸರಿ; ಹಳ್ಳ ಹಿಡಿದರೆ ಎಲ್ಲಾದರೂ ಊರು, ಕೊನೆಗೆ ಭೀಮೆಯೋ ಕೃಷ್ಣೆಯೋ ಸಿಗುತ್ತದೆ. ಘಟ್ಟದಲ್ಲಿ ಹಳ್ಳ ಹಿಡಿದರೆ ಸಿಗುವುದು ಜಲಪಾತದ ನೆತ್ತಿ. ಈ ಸಲ ಗುಮಾಸ್ತರು ಒಪ್ಪಲಿಲ್ಲ. ಮಂಜು ಹರಿಯುವವರೆಗೆ ಕದಲುವುದು ಬೇಡ, ಹರಿದ ಮೇಲೆ ಏರಿನ ಕಡೆಗೇ ಹೋಗೋಣ ಎಂದರು. ಏರಿ ಹುಲ್ಲಿನ ಬೋಳು ನೆತ್ತಿಗೆ ಬಂದಾಗ ಕೆಳಗೆ ದಾರಿಯೂ, ದಾರಿಯಲ್ಲಿ ಬರುತ್ತಿದ್ದ ಕಾಲೇಜು ಹುಡುಗರೂ ಕಂಡರು. ನಮ್ಮ ಚೀಲಗಳಿದ್ದ ಜಾಗಕ್ಕೆ ಮಧ್ಯಾಹ್ನ ತಲುಪಿದೆವು. ನಾವು ಇಡೀ ರಾತ್ರಿ ಸರಿಯಾದ ದಾರಿಯಿಂದ ಬಹಳ ದೂರವೇನೂ ಇರಲಿಲ್ಲ.

ಅದೇ ಬೆಟ್ಟದಲ್ಲಿ 2019ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯುವಕನೊಬ್ಬ ತನ್ನ ತಂಡದಿಂದ ಬೇರ್ಪಟ್ಟು ಕಾಣೆಯಾದ. ಅರಣ್ಯ ಇಲಾಖೆ, ಪೊಲೀಸರು, ಸ್ಥಳೀಯರು ಹುಡುಕಿದರು. ಸುಮಾರು ಎರಡು ದಿನದ ಮೇಲೆ ಆತ ನೀರಿನ ಪೈಪೊಂದರ ಜಾಡು ಹಿಡಿದು ತಾನಾಗಿಯೇ ಸುಬ್ರಹ್ಮಣ್ಯದ ಕಡೆ ಇಳಿದು ಬಂದ. ಪತ್ರಿಕೆಯಲ್ಲಿ ಓದಿದಾಗ ನಮಗೆ ಮೊದಲು ಹೊಳೆದದ್ದು, ಈತನಿಗೆ ಮನುಷ್ಯರು ಬಿಟ್ಟ ಗುರುತೊಂದು ಸಿಕ್ಕಿತಲ್ಲ ಎಂಬ ಸಮಾಧಾನ. 2024ರ ಜನವರಿಯ ಒಂದು ವಾರಾಂತ್ಯದಲ್ಲಿ ಸಾವಿರಾರು ಜನ ಆ ಬೆಟ್ಟಕ್ಕೆ ಮುಗಿಬಿದ್ದ ಮೇಲೆ ಸರಕಾರ ಮುಂಗಡ ನೋಂದಣಿಯಿಲ್ಲದ ಚಾರಣಗಳನ್ನು ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಆನ್‌ಲೈನ್ ವ್ಯವಸ್ಥೆ ತಂದಿತು. ಒಳ್ಳೆಯದೇ. ಎಷ್ಟು ಜನ ಒಳಗೆ ಹೋದರು, ಎಷ್ಟು ಜನ ಬಂದರು ಎಂಬ ಲೆಕ್ಕವಾದರೂ ಸಿಗುತ್ತದೆ. ಮುಂದೆ ಹೋಗುವವನಿಗೆ ದಾರಿ ತಿಳಿದಿದೆಯೆ ಎಂದು ಕೇಳುವ ಕಾಲಂ ಯಾವ ಅರ್ಜಿಯಲ್ಲೂ ಇರಲಾರದು.

ದೂರದ ಕೊಲಂಬಿಯಾದಲ್ಲಿ 2023ರ ಮೇ 1ರಂದು ಚಿಕ್ಕ ವಿಮಾನವೊಂದು ಅಮೆಜಾನ್ ಕಾಡಿಗೆ ಬಿದ್ದಾಗ ತಾಯಿಯೂ ಸೇರಿ ದೊಡ್ಡವರೆಲ್ಲ ಸತ್ತು, ಹುಯಿಟೋಟೊ ಬುಡಕಟ್ಟಿನ ನಾಲ್ಕು ಮಕ್ಕಳು ಉಳಿದರು. ಹಿರಿಯವಳಿಗೆ 13 ವರ್ಷ, ಕಿರಿಯದು ಕೈಗೂಸು. 40 ದಿನಗಳ ನಂತರ, ಜೂನ್ 9ರಂದು, ನಾಲ್ವರೂ ಜೀವಂತ ಸಿಕ್ಕರು. ಹುಡುಕಲು ಹೋದ ಸೈನ್ಯದ ಬಳಿ ಉಪಗ್ರಹ, ಹೆಲಿಕಾಪ್ಟರ್ ಎಲ್ಲ ಇದ್ದವು. ಆದರೂ ಅವರು ಕಾಡಿನ ಜನರನ್ನು ಜೊತೆಗೆ ಕರೆದುಕೊಂಡರು. ಕೊನೆಗೆ ಮಕ್ಕಳನ್ನು ಕಂಡದ್ದು ಆ ಜನರೇ. ಸೇನಾಧಿಕಾರಿಯೊಬ್ಬ ಬುಡಕಟ್ಟಿನವನನ್ನು ‘ಯಾವ ಕಡೆ ಹೋಗಿರಬಹುದು?’ ಎಂದು ಕೇಳಬೇಕಾದರೆ ಒಳಗೆ ಎಷ್ಟನ್ನು ಇಳಿಸಿಡಬೇಕಾಗುತ್ತದೆ ಎಂಬುದು ಒಬ್ಬ ಡ್ರೈವರನನ್ನು ಕೇಳಲಾಗದೆ ಹೋದ ನಮಗೆ ಚೆನ್ನಾಗಿ ಗೊತ್ತು.

ನಮ್ಮ ಮನೆಯಂಗಳದಲ್ಲೂ ಒಂದು ಹಳೆಯ ಕಥೆ ಇದೆ. ಸುರಪುರದ ಹತ್ತಿರದ ವಾಗಣಗೇರಾ ಕೋಟೆಯನ್ನು ಔರಂಗಜೇಬ 1705ರಲ್ಲಿ ತಾನೇ ಮುಂದೆ ನಿಂತು ಮುತ್ತಿದ. ಅವನ ಬದುಕಿನ ಕೊನೆಯ ಮುತ್ತಿಗೆ ಅದು. ವಯಸ್ಸು 86 ದಾಟಿತ್ತು. ತಿಂಗಳುಗಟ್ಟಲೆ ಕಾದಾಡಿ ಒಳನುಗ್ಗಿದಾಗ ಬೇಡರ ಪಿಡ್ಡ ನಾಯಕ ರಾತ್ರಿಯೇ ಜಾರಿಕೊಂಡಿದ್ದ. ಸಿಕ್ಕಿದ್ದು ಬರಿದಾದ ಕೋಟೆ. ಸಮೀಪದ ದೇವಾಪುರದಲ್ಲಿ ಬೀಡುಬಿಟ್ಟ ಬಾದಶಹ ಅಲ್ಲೇ ಕಾಯಿಲೆ ಬಿದ್ದ. ಆಮೇಲೆ ಉತ್ತರಕ್ಕೆ ಮರಳುವ ಪಯಣದಲ್ಲಿ ಅಹ್ಮದ್‌ನಗರದಿಂದ ಮುಂದಕ್ಕೆ ಹೋಗಲಾಗದೆ 1707ರಲ್ಲಿ ತೀರಿಕೊಂಡ. 1681ರಲ್ಲಿ ದಖ್ಖನಿಗೆ ಇಳಿದವನು ದಿಲ್ಲಿಯನ್ನು ಮತ್ತೆ ನೋಡಲಿಲ್ಲ. ಅವನನ್ನು ಹೊಗಳಲೂ ಬೈಯಲೂ ಇಂದು ಬೇಕಾದಷ್ಟು ಜನರಿದ್ದಾರೆ, ನಮಗೆ ಆ ಜಗಳ ಬೇಡ. ನಮ್ಮ ಕುತೂಹಲ ಅವನ ಹಿಂದೆ ನಡೆದವರ ಬಗ್ಗೆ. ಅವನ ಸೈನ್ಯದ ಜೊತೆಗೇ ಇದ್ದ ಭೀಮಸೇನ ಸಕ್ಸೇನಾ ತನ್ನ ಪಾರ್ಸಿ ಬರಹದಲ್ಲಿ ಆ ದಂಡಿನ ದಣಿವನ್ನೂ ನಾಡಿನ ಪಾಳುಸ್ಥಿತಿಯನ್ನೂ ದಾಖಲಿಸಿದ್ದಾನೆ. ಈ ಯುದ್ಧ ಎಲ್ಲಿಗೂ ಒಯ್ಯುವುದಿಲ್ಲ ಎಂದು ಎಷ್ಟು ಅಮೀರರಿಗೆ ಅನ್ನಿಸಿರಲಿಕ್ಕಿಲ್ಲ! ಇಪ್ಪತ್ತೈದು ವರ್ಷ, ಒಂದರ ಹಿಂದೆ ಒಂದು ಕೋಟೆ. ಹಿಡಿದ ಕೋಟೆ ಬೆನ್ನು ತಿರುಗಿಸಿದೊಡನೆ ಕೈತಪ್ಪುತ್ತದೆ, ಮತ್ತೆ ಅದೇ ಕೋಟೆ. ಅದೇ ಬಂಡೆ ಎರಡನೆಯ ಸಲ ಕಂಡಂತೆ. ಕೊನೆಗಾಲದಲ್ಲಿ ಮಕ್ಕಳಿಗೆ ಬರೆದನೆನ್ನಲಾದ ಪತ್ರಗಳಲ್ಲಿ ತಾನು ವ್ಯರ್ಥವಾಗಿ ನಡೆದೆನೆಂಬ ಕೊರಗು ಇದೆ. ಅಷ್ಟು ಹೊತ್ತಿಗೆ ಹಿಂದೆ ನಡೆದವರಲ್ಲಿ ಎಷ್ಟೋ ಮಂದಿ ಇರಲಿಲ್ಲ.

ಭಾಯಿ ಆಮೇಲೆ ಎಂಟು ತಿಂಗಳು ಹಿರಿಯ ಮಾಸ್ತರರ ಜೊತೆ ಮಾತಾಡಲಿಲ್ಲ. ಬೆಟ್ಟ ಹತ್ತುವುದನ್ನೂ ಬಿಟ್ಟರು. ನಮಗೆ ಇದು ಅತಿಯಾಯಿತೆನ್ನಿಸಿತ್ತು. ಜೀವ ಉಳಿಯಿತಲ್ಲ, ಬೇಕೆಂದು ಮಾಡಿದ್ದಲ್ಲವಲ್ಲ ಎಂದು ಹೇಳಿ ನೋಡಿದೆವು. ದಾರಿ ತಪ್ಪಿದ್ದಕ್ಕೆ ತನಗೆ ಎಳ್ಳಷ್ಟೂ ಸಿಟ್ಟಿಲ್ಲ ಎಂದರು ಭಾಯಿ. ‘ನಾ ಅವ್ರ ಬೆನ್ನ ನೋಡ್ಕೋತ ನಡದಿದ್ದೆ. ಅವ್ರಿಗಿ ಗೊತ್ತದ ಅನ್ನೂದೊಂದ ಧೈರ್ಯದ ಮ್ಯಾಲ ಕಾಲು ಎತ್ತಿ ಇಟ್ಟೀನಿ. ಆ ಬೆನ್ನು ನನಗ ಸುಳ್ಳ ಹೇಳ್ತು.’ ಒಂದು ಮಾತನ್ನೂ ಆಡದೆ ಸುಳ್ಳು ಹೇಳಬಹುದೆ ಎಂಬುದರ ಬಗ್ಗೆ ತತ್ವಶಾಸ್ತ್ರದ ದೊಡ್ಡ ದೊಡ್ಡ ಚರ್ಚೆಗಳಿರಬಹುದು. ಅದಕ್ಕೆ ಇದಕ್ಕಿಂತ ನೇರವಾದ ಉತ್ತರ ನಮಗಂತೂ ಸಿಕ್ಕಿಲ್ಲ.

ಡ್ರೈವರ್ ಈಗಲೂ ಗಾಡಿ ಓಡಿಸುತ್ತಾನೆ. ಬೇಸಿಗೆ ಶುರುವಾದರೆ ನಮ್ಮ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ ಹೋಗುವವರನ್ನು, ಅವರ ಪಾತ್ರೆಪಗಡ, ಹಾಸಿಗೆ ಗಂಟಿನ ಸಮೇತ ಕರೆದೊಯ್ಯುತ್ತಾನೆ. ಅವತ್ತು ಎರಡನೆಯ ಸಲ ಏಕೆ ಹೇಳಲಿಲ್ಲ ಎಂದು ಒಮ್ಮೆ ಕೇಳಿದೆವು. ‘ನೀವು ಓದ್ದವ್ರು, ನಿಮಗ ಗೊತ್ತಿರ್ತದ ಅನ್ಕೊಂಡೆ’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ನಗ್ತೀರಿ ಅಂತ ಸುಮ್ಮನಾದೆ’ ಎಂದೂ ಸೇರಿಸಿದ. ಆತ ಒಮ್ಮೆ ಹೇಳಿದ್ದ, ಅಷ್ಟಕ್ಕೆ ಆತನ ಹೊಣೆ ಮುಗಿಯಿತೆ? ನಕ್ಕವರಿಗೆ ಇನ್ನೊಮ್ಮೆ ಹೇಳು ಎಂದು ಕೇಳುವ ಹಕ್ಕು ಇದೆಯೆ? ನಮಗಿಲ್ಲ ಎಂದೇ ಅನ್ನಿಸುತ್ತದೆ.

ಮರುವರ್ಷದ ರಮಝಾನ್‌ಗೆ ಸ್ವಲ್ಪ ಮುಂಚೆ ಹಿರಿಯ ಮಾಸ್ತರರು ಒಬ್ಬರೇ ಸುರಪುರಕ್ಕೆ ಹೋದರು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಭಾಯಿ ಅಂಗಿ ಬಟ್ಟೆ ಅಳೆಯುತ್ತಿದ್ದರು, ತಲೆ ಎತ್ತಲಿಲ್ಲ. ಮಾಸ್ತರರು ಗಿರಾಕಿಗಳು ಹೋಗುವವರೆಗೂ ಕಾಯದೆ ಅಲ್ಲೇ ಹೇಳಿದರು. ಬಂಡೆಯ ಬಳಿ ಗೊತ್ತಾದದ್ದಲ್ಲ. ಡ್ರೈವರ್ ಟೊಂಗೆಯ ಮಾತು ಹೇಳಿದಾಗಲೇ ಆತ ಹೇಳುತ್ತಿರುವುದು ಸರಿಯೆಂದು ಗೊತ್ತಾಗಿತ್ತು. ಎಲ್ಲರೂ ನಗುವಾಗ ತಾವೂ ನಕ್ಕಿದ್ದರು. ಒಂದು ತಾಸಲ್ಲ, ಎರಡು ತಾಸು.

ಭಾಯಿ ಗಜಕಡ್ಡಿಯನ್ನು ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ ಬಟ್ಟೆ ಕತ್ತರಿಸಿ, ಮಡಿಸಿ, ಗಿರಾಕಿಗೆ ಚಿಲ್ಲರೆ ಎಣಿಸಿ ಕೊಟ್ಟರು. ಎದುರಿನ ಹೋಟೆಲಿನ ಹುಡುಗನನ್ನು ಕರೆದು ಎರಡು ಚಹಾ ತರಲು ಹೇಳಿದರು.